ಸಪ್ಪಲಮ್ಮನ ಹೊಸ ಮುಖ

ಮಂಚೇನಹಳ್ಳಿ ಇನ್ನೂ ಮೂರು ಮೈಲಿ ಇದೆ ಎನ್ನುವಾಗ ತನುಜಳ ಹೆಬ್ಬೆರಳಿಗೆ ಅದು ಗೊತ್ತಾಯಿತು. ಮೊದಲು ಗೊತ್ತಾದದ್ದು ಹೆಬ್ಬೆರಳಿಗೇ, ಅವಳಿಗಲ್ಲ. ತೊಡೆಯ ಮೇಲೆ ಬಿಳಿ ಪಂಚೆಯಲ್ಲಿ ಸುತ್ತಿದ, ಊರದೇವತೆ ಸಪ್ಪಲಮ್ಮನ ಕಾಗದದ ಮುಖವಿತ್ತು. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಅದು ಜಾರದಂತೆ ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದಳು. ಬಟ್ಟೆಯ ಮೇಲಿಂದ ಎಡಗೆನ್ನೆಯ ಉಬ್ಬು ಹೆಬ್ಬೆರಳಿಗೆ ಸಿಕ್ಕಿತು. ಬೆರಳು ತಾನಾಗಿಯೇ ಕೆಳಗಿಳಿದು ತುಟಿಯ ಕೊನೆಗೆ ಹೋಯಿತು, ಅಲ್ಲಿಂದ ಗಲ್ಲದ ಕುಳಿಗೆ. ದಾರಿ ಗೊತ್ತಿರುವವರು ಹೋದಂತೆ ಹೋಯಿತು. ಎಲೆ, ಅಡಿಕೆ, ಹೊಗೆಸೊಪ್ಪಿನ ಉಂಡೆಯನ್ನು ನಲವತ್ತು ವರ್ಷ ಒಂದೇ ಕಡೆ ಒತ್ತರಿಸಿಕೊಂಡವರ ಕೆನ್ನೆ ಅದು. ಚಿಕ್ಕವಳಿದ್ದಾಗ, ಬೇಸಿಗೆ ರಜೆಯಲ್ಲಿ, ಪಕ್ಕದಲ್ಲಿ ಮಲಗಿ ಆ ಕೆನ್ನೆಯನ್ನು ಒತ್ತಿ ಒತ್ತಿ ನಗಿಸುತ್ತಿದ್ದಳು. ಅದು ಅಜ್ಜಿ ಪೆದ್ದಮ್ಮನ ಕೆನ್ನೆ. ಅಜ್ಜಿ ಸತ್ತು ಎಂಟು ವರ್ಷವಾಗಿತ್ತು. ಬಸ್ಸು ಹೋಗುತ್ತಿದ್ದದ್ದು ಅಜ್ಜಿಯ ಊರಿನ ಕಡೆಗೇ.

ಪಕ್ಕದಲ್ಲಿ ಕೊಂಡಪ್ಪ ಕಿಟಕಿಗೆ ತಲೆ ಕೊಟ್ಟು ತೂಕಡಿಸುತ್ತಿದ್ದ. ಎಪ್ಪತ್ತು ದಾಟಿದ ಮುದುಕ, ಎರಡು ಕಣ್ಣಿಗೂ ಪೊರೆ. ಆರು ಹಳ್ಳಿಯ ದೇವತೆಗಳಿಗೆ ಮುಖ ಮಾಡಿಕೊಡುವ ಮನೆತನದ ಕೊನೆಯವನು. ಆರು ವರ್ಷದ ಹಿಂದೆ, ಶಾಲೆಯ ಮಕ್ಕಳಿಗೆ ಮಣ್ಣಿನ ಕೆಲಸ ತೋರಿಸುವವರು ಯಾರಾದರೂ ಸಿಗುತ್ತಾರೇನೋ ಎಂದು ಡ್ರಾಯಿಂಗ್ ಟೀಚರ್ ತನುಜ ಚಿಕ್ಕಬಳ್ಳಾಪುರದ ಅವನ ಶೀಟಿನ ಮನೆಗೆ ಹೋದಾಗಲೇ ಅವನ ಕೈ ನಡುಗಲು ಶುರುವಾಗಿತ್ತು. ನೋಡುತ್ತಾ ಕೂತವಳು ಮರುವಾರ ಮಣ್ಣು ಕಲೆಸಿಕೊಟ್ಟಳು, ಅದರ ಮರುವರ್ಷ ಮೂಗು ತಿದ್ದಿದಳು. ಎರಡು ವರ್ಷದಿಂದ ಎಲ್ಲ ಅವಳೇ. ಹೊರಗೆ ಹೆಸರು ಕೊಂಡಪ್ಪನದು, ಒಳಗೆ ಕೈ ತನುಜಳದು. ಈ ಒಪ್ಪಂದವನ್ನು ಇಬ್ಬರೂ ಬಾಯಿ ಬಿಟ್ಟು ಆಡಿದ್ದಿಲ್ಲ. ಅವನು ಅವಳ ಜಾತಿ ಕೇಳಿದ್ದೂ ಇಲ್ಲ. ಆದರೆ ಟೀ ಮಾತ್ರ ಯಾವಾಗಲೂ ಪೇಪರ್ ಕಪ್ಪಿನಲ್ಲೇ ಕೊಡುತ್ತಿದ್ದ. ಬಂದವರಿಗೆಲ್ಲ ಪೇಪರ್ ಕಪ್ಪೋ, ತನಗೊಬ್ಬಳಿಗೋ ಎಂದು ಅವಳಿಗೆ ಇವತ್ತಿಗೂ ತಿಳಿಯದು, ಯಾಕೆಂದರೆ ಆ ಮನೆಗೆ ಬೇರೆ ಯಾರೂ ಬರುತ್ತಿರಲಿಲ್ಲ. ಎಷ್ಟೋ ಸಲ, ಅವನು ಒಳಗೆ ಹೋದಾಗ, ಕಸದ ಬುಟ್ಟಿಯಲ್ಲಿ ಎಷ್ಟು ಕಪ್ಪಿವೆ ಎಂದು ಕತ್ತು ಚಾಚಿ ನೋಡಿದ್ದಳು. ಹಾಗೆ ನೋಡಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಸಪ್ಪಲಮ್ಮನಿಗೆ ಹನ್ನೆರಡು ವರ್ಷಕ್ಕೊಮ್ಮೆ ಹೊಸ ಮುಖ. ಹಳೆಯದನ್ನು ಕೆರೆಗೆ ಬಿಡುತ್ತಾರೆ. ಕೆರೆಯ ಜೇಡಿಮಣ್ಣಿನಲ್ಲಿ ಮೊದಲು ಮುಖ ಮಾಡಿ, ಅದರ ಮೇಲೆ ನೆನೆಸಿದ ಕಾಗದವನ್ನು ಹುಣಸೆಬೀಜದ ಅಂಟಿನಲ್ಲಿ ಪದರ ಪದರವಾಗಿ ಕೂರಿಸಬೇಕು. ಒಣಗಿದ ಮೇಲೆ ಮಣ್ಣನ್ನು ಒಳಗಿನಿಂದ ಬಿಡಿಸಿ ತೆಗೆದರೆ ಕಾಗದದ ಮುಖ ಉಳಿಯುತ್ತದೆ, ಹೆಸರಿಗಷ್ಟೇ ಭಾರ. ಕಾಗದ ಎಲ್ಲಿಯದೋ ಆಗುವಂತಿಲ್ಲ, ಊರಿನ ಒಂದೊಂದು ಮನೆಯಿಂದ ಒಂದೊಂದು ಬರಬೇಕು. ಲಗ್ನಪತ್ರಿಕೆ, ಹಳೇ ಜಾತಕ, ಮಗುವಿನ ಕಾಪಿ ಪುಸ್ತಕದ ಹಾಳೆ, ಒಬ್ಬರು ಎಕ್ಸ್‌ರೇ ಕವರನ್ನೂ ಕಳಿಸಿದ್ದರು. ಊರಾಚೆ ಅಜ್ಜಿಯಿದ್ದ ಕಾಲೋನಿಯ ಮನೆಗಳಿಂದ ಕಾಗದ ಕೇಳುವ ಪದ್ಧತಿ ಇರಲಿಲ್ಲ. ಚೀಲ ಬಿಚ್ಚಿ ಹಾಳೆಗಳನ್ನು ನೀರಿಗೆ ಹಾಕುವಾಗ ತನುಜ ಅದನ್ನು ಗಮನಿಸಿದಳು. ಇದು ತನ್ನ ಅಜ್ಜಿಯ ಊರು ಎಂದು ಕೊಂಡಪ್ಪನಿಗೆ ಹೇಳಲಿಲ್ಲ. ಅಜ್ಜಿಯನ್ನು ಬಾಗಿಲ ಹತ್ತಿರಕ್ಕೂ ಬಿಡದ ಗುಡಿಯೊಳಗೆ ತನ್ನ ಕೈಕೆಲಸ ಹೋಗಿ ಕೂರಲಿ, ಯಾರಿಗೂ ತಿಳಿಯದಿದ್ದರೂ ತನಗೆ ತಿಳಿದಿದ್ದರೆ ಸಾಕು ಎನ್ನುವ ಒಂದು ಕಳ್ಳ ಖುಷಿ ಅವಳಲ್ಲಿತ್ತು. ತಮ್ಮ ಸುನೀಲ ಮಾತ್ರ ಕೇಳಿ ಊಟದ ತಟ್ಟೆ ತಳ್ಳಿದ್ದ. "ಅಕ್ಕ, ಮನೇಲಿ ಬುದ್ಧನ ಫೋಟೋ ಇಟ್ಕೊಂಡು, ನಮ್ಮನ್ನ ಒಳಕ್ಕೆ ಬಿಡದಿರೋ ದೇವ್ರಿಗೆ ಹೋಗಿ ಕಣ್ಣಿಡ್ತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

ಹೇಗೆ ಆಯಿತು ಇದು, ಅಜ್ಜಿಯ ಮುಖ? ಕೊಂಡಪ್ಪ ಹೇಳಿಕೊಟ್ಟದ್ದೇ ಹಾಗೆ. "ಮಣ್ಣಿನ ಮುಖ ಕಣ್ಣು ಮುಚ್ಕೊಂಡು ಮಾಡು ಟೀಚರಮ್ಮ. ಕಣ್ಣು ಬಿಟ್ಕೊಂಡು ಮಾಡಿದ್ರೆ ಕ್ಯಾಲೆಂಡರ್ ಲಕ್ಷ್ಮಿ ಬರ್ತಾಳೆ, ಸಪ್ಪಲಮ್ಮ ಬರಲ್ಲ." ಅವಳು ಕಣ್ಣು ಮುಚ್ಚಿಕೊಂಡೇ ಒತ್ತಿದ್ದಳು, ಎಳೆದಿದ್ದಳು. ಎಡಗೆನ್ನೆ ತುಸು ತುಂಬಿದೆ ಎಂದು ಕೊಂಡಪ್ಪನೂ ಸವರಿ ನೋಡಿ ಹೇಳಿದ್ದ. "ಇರ್ಲಿ ಬಿಡು, ಅಮ್ಮನೋರು ಎಲೆ ಹಾಕ್ಕೊಂಡವ್ರೆ" ಎಂದು ನಕ್ಕಿದ್ದ. ಕಣ್ಣು ಕೂರಿಸುವ ತನಕ ಅದು ಯಾರ ಮುಖವೂ ಆಗಿರಲಿಲ್ಲ. ಹಳೇ ಲಾಂದ್ರದ ಗಾಜಿನ ಎರಡು ಚೂರುಗಳನ್ನು ಕಲ್ಲಿನ ಮೇಲೆ ನೀರು ಮರಳು ಹಾಕಿ ಹನ್ನೊಂದು ದಿನ ಉಜ್ಜಿ, ಕಣ್ಣಿನ ಆಕಾರಕ್ಕೆ ತಂದು, ಹಿಂಬದಿಯಿಂದ ಬಣ್ಣ ಬರೆದಿದ್ದಳು. ಗಾಜಿನ ಹಿಂದೆ ಬರೆಯುವಾಗ ಎಲ್ಲ ತಿರುಗುಮುರುಗು, ಮೊದಲು ಪಾಪೆಯ ಕಪ್ಪು, ಆಮೇಲೆ ಕಂದು, ಕೊನೆಗೆ ಬಿಳಿ. ನಿನ್ನೆ ಸಂಜೆ ಒಳಗಿನಿಂದ ಕೂರಿಸಿ, ಮೇಣ ಒತ್ತಿ, ಹೊರಮುಖವನ್ನು ತಿರುಗಿಸಿಯೂ ನೋಡದೆ ಪಂಚೆ ಸುತ್ತಿಬಿಟ್ಟಿದ್ದಳು. ಕಣ್ಣು ಕೂರಿಸಿದ ಮೇಲೆ, ಗುಡಿಯಲ್ಲಿ ತೆರೆ ತೆಗೆಯುವ ತನಕ ಮಾಡಿದವರೂ ನೋಡಬಾರದು ಎನ್ನುವುದು ನಿಯಮ. ಈಗ ಬಸ್ಸಿನಲ್ಲಿ, ಹಿಂದಿನ ಸೀಟಿನವನು ಫೋನಿನಲ್ಲಿ ಟೊಮೇಟೊ ರೇಟು ಕೂಗುತ್ತಿರುವಾಗ, ಅವಳು ಬಟ್ಟೆಯ ಅಂಚನ್ನು ಎರಡು ಬೆರಳಿನಷ್ಟು ಸರಿಸಿದಳು. ಅಜ್ಜಿ ಅವಳನ್ನೇ ನೋಡುತ್ತಿದ್ದಳು. ತನುಜ ಅಂಚನ್ನು ಎಳೆದು ಮುಚ್ಚಿದಳು.

ಊರಿಗೆ ಗೊತ್ತಾದರೆ ಏನಾಗುತ್ತದೆ ಎಂದು ಅವಳು ಊಹಿಸಬೇಕಾಗಿರಲಿಲ್ಲ. ಎರಡು ವರ್ಷದ ಹಿಂದೆ ಇದೇ ಊರಿನ ಕಾಲೋನಿಯ ಹುಡುಗನೊಬ್ಬ ಗುಡಿಯ ಮೆಟ್ಟಿಲ ಮೇಲೆ ಕೂತು ಸೆಲ್ಫಿ ತೆಗೆದುಕೊಂಡನೆಂದು ಅವನ ಬೈಕನ್ನು ಕೆರೆಯ ಏರಿಯ ಮೇಲೆ ಸುಟ್ಟಿದ್ದರು. ಹತ್ತು ದಿನ ಕಾಲೋನಿಯ ನಲ್ಲಿಗೆ ನೀರು ಬಂದಿರಲಿಲ್ಲ. ಅಜ್ಜಿಯ ಮನೆ ಈಗಿಲ್ಲ, ನೆಂಟರೂ ಇಲ್ಲ, ಆದರೆ ಇಪ್ಪತ್ತೆರಡು ಮನೆಯ ಜನ ಇನ್ನೂ ಅಲ್ಲೇ ಇದ್ದಾರೆ. ಒಬ್ಬರು, ಒಬ್ಬರೇ ಒಬ್ಬರು, ಇದು ಪೆದ್ದಮ್ಮನಲ್ಲವೇ ಎಂದುಬಿಟ್ಟರೆ ಸಾಕು. ಮಾಡಿದವರು ಯಾರು, ಅವಳು ಯಾರ ಮೊಮ್ಮಗಳು, ಎಲ್ಲ ಒಂದು ಗಂಟೆಯಲ್ಲಿ ಹೊರಬರುತ್ತದೆ. ಕೊಂಡಪ್ಪನಿಗೆ ಆರೂ ಹಳ್ಳಿಯ ಕೆಲಸ ಹೋಗುತ್ತದೆ. ಆಮೇಲೆ ಇಪ್ಪತ್ತೆರಡು ಮನೆ.

ಸ್ಟ್ಯಾಂಡಿನಲ್ಲಿ ಮೋಹನ್‌ಬಾಬು ಕಾರು ತಂದು ಕಾಯುತ್ತಿದ್ದ. ಗುಡಿಯ ಕಮಿಟಿಯ ಅಧ್ಯಕ್ಷ, ಊರಿನ ದೊಡ್ಡಮನೆಯವನು. ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಜೇಬಿನಲ್ಲಿ ಎರಡು ಫೋನು. ಕೊಂಡಪ್ಪ ಅವಳನ್ನು ಪರಿಚಯ ಮಾಡಿದ. "ನಮ್ಮ ಟೀಚರಮ್ಮ. ಫೋಟೋ ಹಿಡಿಯಕ್ಕೆ ಬಂದವ್ರೆ." ಆರು ವರ್ಷದ ಕೆಲಸ ಫೋಟೋ ಹಿಡಿಯುವುದಕ್ಕೆ ಇಳಿದದ್ದು ಅವಳಿಗೆ ಚುರ್ ಎಂದಿತು. ಇಂಥ ಹೊತ್ತಿನಲ್ಲೂ ಚುರ್ ಎನ್ನುತ್ತದಲ್ಲ ಎಂದು ಆಶ್ಚರ್ಯವೂ ಆಯಿತು.

"ಯಾವ ಕಡೆಯೋರು ಮೇಡಂ ನೀವು?" ಮೋಹನ್‌ಬಾಬು ಕಾರು ಓಡಿಸುತ್ತಾ ಕನ್ನಡಿಯಲ್ಲಿ ನೋಡಿ ಕೇಳಿದ.

"ಗೌರಿಬಿದನೂರು."

"ಅದ್ಸರಿ. ಗೌರಿಬಿದನೂರಲ್ಲಿ ಯಾವ ಕಡೆ, ಅಂತ."

"ಅಪ್ಪ ಬ್ಯಾಂಕಲ್ಲಿದ್ರು. ಕ್ವಾರ್ಟರ್ಸಲ್ಲಿದ್ವಿ."

"ಓ, ಬ್ಯಾಂಕಾ," ಎಂದ. ಕನ್ನಡಿಯಲ್ಲಿ ಅವನ ಕಣ್ಣು ಇನ್ನೂ ಸ್ವಲ್ಪ ಹೊತ್ತು ಅವಳ ಮೇಲೇ ಇತ್ತು. ಅಪ್ಪ ಆವುಲಪ್ಪ ಬ್ಯಾಂಕಿನಲ್ಲಿ ಅಟೆಂಡರ್ ಆಗಿದ್ದ ಎಂಬುದನ್ನು ಅವಳು ಜೀವಮಾನವಿಡೀ ಹೀಗೇ ಹೇಳುತ್ತಾ ಬಂದಿದ್ದಳು, ಸುಳ್ಳಲ್ಲ, ನಿಜವೂ ಅಲ್ಲ. ಕಾರು ಕಾಲೋನಿಯ ಪಕ್ಕದಲ್ಲೇ ಹೋಯಿತು. ಅಜ್ಜಿಯ ಮನೆಯಿದ್ದ ಜಾಗದಲ್ಲಿ ಈಗ ಯಾರೋ ಸಿಮೆಂಟಿನ ಇಟ್ಟಿಗೆ ಪೇರಿಸಿದ್ದರು. ಅವಳು ಆ ಕಡೆ ತಿರುಗಲಿಲ್ಲ. ತಿರುಗಿದರೆ ಕನ್ನಡಿಯಲ್ಲಿ ಕಾಣುತ್ತದೆ ಎಂದು ಹೆದರಿದಳು.

ತೆರೆ ತೆಗೆಯುವುದು ಮಧ್ಯಾಹ್ನ ಹನ್ನೆರಡಕ್ಕೆ. ಅಲ್ಲಿಯ ತನಕ ಮುಖವನ್ನು ಗುಡಿಯ ಪಕ್ಕದ ಸಾಮಾನಿನ ಕೋಣೆಯಲ್ಲಿ ಇರಿಸಬೇಕು, ಮಾಡಿದವರು ಕಾಯಬೇಕು. ಹೊರಗೆ ಮೈಕಿನವನು ಹಲೋ ಹಲೋ ಎನ್ನುತ್ತಿದ್ದ. ಕೋಣೆಯಲ್ಲಿ ಎಣ್ಣೆಯ ಜಿಡ್ಡು, ಹಳೇ ಹೂವಿನ ವಾಸನೆ. ಕೊಂಡಪ್ಪ ಗೋಡೆಗೊರಗಿ ಕೂತ. ತನುಜ ಚೀಲದಿಂದ ಬ್ಲೇಡು ತೆಗೆದಳು. ಅಂಚಿನ ಕಾಗದ ಸಮ ಮಾಡುವುದಕ್ಕೆ ತಂದದ್ದು. ಕೆನ್ನೆಯ ಉಬ್ಬನ್ನು ಒಂದು ಪದರದಷ್ಟು ಹೆರೆದು, ಜೇಡಿ ಸವರಿ, ಅರಿಶಿನ ಹಚ್ಚಿದರೆ ಮುಗಿಯಿತು, ಹತ್ತು ನಿಮಿಷದ ಕೆಲಸ. ಪಂಚೆಯನ್ನು ಪೂರಾ ಬಿಚ್ಚಿದಳು. ಕಪ್ಪು ಅಜ್ಜಿ ಅರಿಶಿನದ ಬಣ್ಣದಲ್ಲಿ ಮದುವಣಗಿತ್ತಿಯ ಕಳೆಯಲ್ಲಿದ್ದಳು. ಗಾಜಿನ ಕಣ್ಣಿನಲ್ಲಿ ಕಿಟಕಿಯ ಬೆಳಕು ಬಿದ್ದು, ಈಗ ಏನೋ ತಮಾಷೆ ಮಾಡಲಿರುವವಳ ಹಾಗೆ ಕಂಡಳು. ಮನೆಯಲ್ಲಿ ಅಜ್ಜಿ ಹಾಗೇ ಇದ್ದದ್ದು. ಬಾಯಿ ತುಂಬ ಎಲೆ, ತೆಲುಗಿನಲ್ಲಿ ಬೈಗುಳ, ಗಂಡಸರನ್ನೂ ಆಡಿಕೊಂಡು ನಗುವ ನಗೆ. ಚಿಂತಾಮಣಿಯ ಹಾಸ್ಟೆಲ್ಲಿಗೆ ಒಂದು ಸಲ ಹುರಿದ ಕಡಲೇಕಾಯಿ ಕಟ್ಟಿಕೊಂಡು ಬಂದಿದ್ದಳು. ಗೇಟಿನ ಹತ್ತಿರ ನಿಂತು "ತನೂ, ಒಸೇ ತನೂ" ಎಂದು ಕೂಗಿದ್ದಳು. ಯಾರೇ ಅದು ಎಂದು ಜೊತೆಯವಳು ಕೇಳಿದಾಗ, ಊರಿನವರು ಯಾರೋ, ನಮ್ಮನೆ ಕೆಲಸಕ್ಕೆ ಬರ್ತಾರೆ ಎಂದಿದ್ದಳು ತನುಜ. ಅಷ್ಟು ಹತ್ತಿರ ನಿಂತಿದ್ದ ಅಜ್ಜಿಗೆ ಕೇಳಿಸದೆ ಇರಲು ಸಾಧ್ಯವೇ ಇರಲಿಲ್ಲ. ಅಜ್ಜಿ ಗಂಟನ್ನು ಗೇಟಿನ ಕಂಬಿಯೊಳಗಿಂದ ಕೊಟ್ಟು, "ನಿಮ್ಮಮ್ಮನೋರು ಕಳಿಸವ್ರೆ ಕಣಮ್ಮ" ಎಂದು ಹೇಳಿ ಹೋಗಿದ್ದಳು. ಬ್ಲೇಡು ಕೆನ್ನೆಯ ಮೇಲೆ ನಿಂತಿತು. ಇನ್ನೊಂದು ಸಲ ಇವಳನ್ನು ಅಳಿಸುವುದು ತನ್ನಿಂದ ಆಗುವುದಿಲ್ಲ ಎಂದು ತನುಜಳಿಗೆ ಗೊತ್ತಾಯಿತು. ಅಳು ಬಂತು. ಅದನ್ನು ತಡೆಯಲು ಬ್ಲೇಡನ್ನು ಕಾಗದದಲ್ಲಿ ಸುತ್ತಿ, ಮತ್ತೆ ಬಿಚ್ಚಿ, ಮತ್ತೆ ಸುತ್ತಿದಳು.

"ತಾತ."

"ಊಂ."

"ಈ ಮುಖ ಒಬ್ರದು."

ಕೊಂಡಪ್ಪ ಕಣ್ಣು ಬಿಡದೆ ನಕ್ಕ. "ಯಾರ್ದಾದ್ರೂ ಆಗ್ಲೇಬೇಕಲ್ಲಮ್ಮ. ನಮ್ಮಪ್ಪ ಮಾಡಿದ ಮುಖ ಎಲ್ಲಾ ನಮ್ಮ ದೊಡ್ಡತ್ತೆದು. ಬದುಕಿದ್ದಾಗ ಅವಳಿಗೂ ಅಪ್ಪಂಗೂ ಮಾತೇ ಇರ್ಲಿಲ್ಲ. ಯಾರ್ದು ಇದು?"

"ಈ ಊರೋರದೇ."

ಅವನು ಕಣ್ಣು ಬಿಟ್ಟ. "ಯಾವ ಮನೆ?"

"ಕಾಲೋನಿ. ನಮ್ಮಜ್ಜಿ."

ಮೈಕಿನವನು ಹಾಡು ಹಾಕಿದ. ಕೊಂಡಪ್ಪ ಗೋಡೆ ಬಿಟ್ಟು ನೆಟ್ಟಗೆ ಕೂತ. ಬೈಯುತ್ತಾನೆ, ಇಲ್ಲವೇ ಎದ್ದು ಹೋಗುತ್ತಾನೆ ಎಂದು ಅವಳು ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಎಷ್ಟು ವರ್ಷ ಆಯ್ತು ಆಯಮ್ಮ ಹೋಗಿ?" ಎಂದ ಕೊನೆಗೆ.

"ಎಂಟು."

"ಮರ್ತಿರ್ತಾರೆ," ಎಂದ. ಬಾಗಿಲ ಕಡೆ ನೋಡಿ, "ಮರ್ತಿರ್ಲಿ ದೇವ್ರೇ" ಎಂದ. ಆಮೇಲೆ ತಾನೇ ಎದ್ದು ಬಂದು, ಪಂಚೆಯನ್ನು ಎಳೆದು ಎಳೆದು, ಎಲ್ಲೂ ಸಂದಿಲ್ಲದಂತೆ ಮುಖಕ್ಕೆ ಸುತ್ತಿದ.

ಹನ್ನೆರಡಕ್ಕೆ ಗುಡಿಯ ಮುಂದೆ ಊರೆಲ್ಲ ಸೇರಿತು. ರಸ್ತೆಯಾಚೆ, ಬೇವಿನ ಮರದ ಕೆಳಗೆ, ಕಾಲೋನಿಯವರು ನಿಂತಿದ್ದರು. ಅಲ್ಲಿಂದ ಗರ್ಭಗುಡಿಯೊಳಗೆ ಒಂದು ಹಳದಿ ಬಣ್ಣ ಕಾಣಬಹುದು, ಅಷ್ಟೇ. ತನುಜ ಇದನ್ನು ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡಳು. ಹಾಗೆ ಸಮಾಧಾನವಾದದ್ದು ಯಾಕೆಂದು ಯೋಚಿಸುವುದಕ್ಕೆ ಹೋಗಲಿಲ್ಲ. ಭಯವಿದ್ದದ್ದು ಒಬ್ಬರದು. ಮೋಹನ್‌ಬಾಬುವಿನ ತಾಯಿ ಆಂಜಿನಮ್ಮ. ಎಂಬತ್ತೆರಡರ ದೊಡ್ಡಮನೆಯ ಯಜಮಾನಿ, ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಪೆದ್ದಮ್ಮ ಮೂವತ್ತೈದು ವರ್ಷ ಕೊಟ್ಟಿಗೆ ಬಾಚಿದ್ದು ಇವಳ ಮನೆಯಲ್ಲೇ. ದಿನಕ್ಕೆ ಎರಡು ಸಲವೆಂದರೂ ಎಷ್ಟು ಸಾವಿರ ಸಲ ಈ ಹೆಂಗಸು ಆ ಮುಖವನ್ನು ಕಂಡಿರಬೇಕು. ಕಣ್ಣಾದರೂ ಮಂಜಾಗಿರಲಿ ಎಂದುಕೊಳ್ಳುವಷ್ಟರಲ್ಲಿ ಮುದುಕಿ ಪಕ್ಕದವಳಿಗೆ ಹೇಳುತ್ತಿದ್ದದ್ದು ಕೇಳಿಸಿತು. "ಆಪರೇಷನ್ ಆದ್ಮೇಲೆ ಸೂಜಿಗೆ ನಾನೇ ದಾರ ಪೋಣಿಸ್ತೀನಿ ಕಣೇ. ಏರಿ ಮೇಲೆ ಬರೋರು ಯಾರು ಅಂತ ಇಲ್ಲಿಂದ್ಲೇ ಹೇಳ್ತೀನಿ."

ಪೂಜಾರಿ ತೆರೆ ಎಳೆದ. ತಮಟೆ, ಗಂಟೆ, ಶಂಖ ಒಟ್ಟಿಗೆ ಶುರುವಾದವು. ತನುಜ ದೇವಿಯನ್ನು ನೋಡಲಿಲ್ಲ, ಜನರನ್ನು ನೋಡಿದಳು. ಎಲ್ಲರ ಕೈ ಮೇಲಕ್ಕೆ ಹೋಯಿತು, ಫೋನುಗಳು ಮೇಲಕ್ಕೆ ಹೋದವು. ಒಬ್ಬ ಹೆಂಗಸು ಬಾಯಿ ಮುಚ್ಚಿಕೊಂಡು ಅತ್ತಳು. ಪೂಜಾರಿ ಅಜ್ಜಿಯ ಹಣೆಗೆ ಕುಂಕುಮ ಹಚ್ಚಿದ. ಹಚ್ಚುವ ಮೊದಲು ಬೆರಳನ್ನು ಕಣ್ಣಿಗೊತ್ತಿಕೊಂಡ. ಯಾವ ಹುಬ್ಬೂ ಗಂಟಿಕ್ಕಲಿಲ್ಲ, ಯಾರೂ ಪಕ್ಕದವರ ಕಡೆ ಬಾಗಿ ಪಿಸುಗುಟ್ಟಲಿಲ್ಲ. ಇಪ್ಪತ್ತು ನಿಮಿಷ ಕಳೆಯಿತು. ಒಬ್ಬರೂ ಗುರುತು ಹಿಡಿಯಲಿಲ್ಲ. ಕೊಂಡಪ್ಪ ಕಂಬಕ್ಕೊರಗಿ ಉಸಿರು ಬಿಟ್ಟದ್ದು ಅವಳಿಗೆ ಕಾಣಿಸಿತು. ಬದುಕಿದೆವು ಎಂದುಕೊಂಡಳು. ಬಸ್ಸು ಎರಡೂ ಮುಕ್ಕಾಲಿಗೆ, ಊಟ ಬೇಡವೆಂದು ಹೇಳಿ ಹೊರಟುಬಿಡುವುದು.

ಆಂಜಿನಮ್ಮ ಸರದಿಗೆ ಎದ್ದು ಬಂದಳು. ಆರತಿ ತಟ್ಟೆ ಹಿಡಿದು ಹೊಸ್ತಿಲ ಹತ್ತಿರ ನಿಂತು, ಸೂಜಿಗೆ ದಾರ ಪೋಣಿಸುವ ಕಣ್ಣಿನಿಂದ ದೇವಿಯನ್ನು ಹಣೆಯಿಂದ ಗಲ್ಲದವರೆಗೆ ನಿಧಾನವಾಗಿ ನೋಡಿದಳು. ಎಡಗೆನ್ನೆಯನ್ನೂ ನೋಡಿದಳು. ಕಣ್ಣಲ್ಲಿ ನೀರು ತುಂಬಿಕೊಂಡು ಕೊಂಡಪ್ಪನ ಕಡೆ ತಿರುಗಿದಳು.

"ಎಂಥ ಕಳೆ ತಂದಿದ್ದೀಯಪ್ಪ. ಇಂಥ ಮುಖ ಈ ಊರಲ್ಲಿ ಯಾರೂ ಕಂಡಿಲ್ಲ ಕಣೋ."

ಕೊಂಡಪ್ಪ ಕೈ ಮುಗಿದ. ತನುಜಳಿಗೆ ಭಯವೆಲ್ಲ ಒಮ್ಮೆಲೇ ಇಳಿದುಹೋಯಿತು. ಅದು ಇಳಿದ ಜಾಗದಲ್ಲಿ ಬಂದದ್ದು ನೆಮ್ಮದಿಯಲ್ಲ, ಸಿಟ್ಟು. ಕಿವಿಯಲ್ಲಿ ತಮಟೆಯ ಸದ್ದು ದೂರವಾಯಿತು. ಸುಮ್ಮನಿರು ಎಂದು ತನಗೇ ಹೇಳಿಕೊಂಡಳು. ಇಪ್ಪತ್ತೆರಡು ಮನೆ, ಸುಮ್ಮನಿರು. ಅಷ್ಟರಲ್ಲಿ ಅವಳ ಬಾಯಿ ಮಾತಾಡುತ್ತಿತ್ತು.

"ಅಮ್ಮ, ನಿಮ್ಮನೇಲಿ ಪೆದ್ದಮ್ಮ ಅಂತ ಒಬ್ರಿದ್ರಲ್ಲ."

"ಇದ್ಲು. ಕಾಲೋನಿಯೋಳು, ಕೊಟ್ಟಿಗೆ ಕೆಲಸಕ್ಕೆ." ಆಂಜಿನಮ್ಮ ಅವಳನ್ನು ನೋಡಿದಳು. "ನಿಂಗೆಂಗೆ ಗೊತ್ತಮ್ಮ?"

"ಅವ್ರ ಮುಖ ಹೆಂಗಿತ್ತು?"

ಮುದುಕಿಗೆ ಪ್ರಶ್ನೆ ವಿಚಿತ್ರವಾಗಿ ಕಂಡಿರಬೇಕು. ಆದರೂ ನೆನೆಸಿಕೊಳ್ಳಲು ನಿಜವಾಗಿ ಯತ್ನಿಸಿದಳು, ಅದರಲ್ಲಿ ಕಪಟವಿರಲಿಲ್ಲ. "ಒಳ್ಳೆ ಕೆಲಸದೋಳು. ಬೆಳಿಗ್ಗೆ ಐದಕ್ಕೆಲ್ಲ ಬರೋಳು. ಗಾಜಿನ ಬಳೆ ಸದ್ದಾದ್ರೆ ಪೆದ್ದಮ್ಮ ಬಂದ್ಲು ಅಂತ ಗೊತ್ತಾಗೋದು. ಮುಖ..." ತಟ್ಟೆ ಹಿಡಿದ ಕೈ ಸ್ವಲ್ಪ ಕೆಳಗಿಳಿಯಿತು. "ಯಾವಾಗ್ಲೂ ತಲೆ ಬಗ್ಗಿಸ್ಕೊಂಡೇ ಇರ್ತಿದ್ಲಲ್ಲಮ್ಮ. ಮುಖ ಯಾರ್ ನೋಡಿದ್ರು."

ಕೊಂಡಪ್ಪನ ಕೈ ಬಂದು ತನುಜಳ ಮುಂಗೈ ಹಿಡಿಯಿತು. ಬೇಡ ಎಂದು ಹಿಡಿಯಿತು. ಆರು ವರ್ಷದಲ್ಲಿ ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು.

"ಈಗ ನೋಡಿ," ಎಂದಳು ತನುಜ.

ಆಂಜಿನಮ್ಮ ಒಳಗೆ ತಿರುಗಿದಳು. ತಿರುಗಿದವಳು ಎಡಗೆನ್ನೆಯ ಮೇಲೆ ಕಣ್ಣು ನಿಲ್ಲಿಸಿ, ಎಷ್ಟು ಹೊತ್ತಾದರೂ ಈ ಕಡೆ ತಿರುಗಲಿಲ್ಲ. ತಟ್ಟೆಯ ಕರ್ಪೂರ ಆರಿಹೋಯಿತು. ಹಿಂದಿದ್ದವರು ತಳ್ಳುವುದನ್ನು ನಿಲ್ಲಿಸಿದರು, ಮೊದಲು ತಮಟೆ, ಆಮೇಲೆ ಗಂಟೆ ನಿಂತಿತು, ಮತ್ತು "ಯಾಕಮ್ಮ, ಏನಾಯ್ತು?" ಎನ್ನುತ್ತಾ ಮೋಹನ್‌ಬಾಬು ಜನರನ್ನು ಸರಿಸಿಕೊಂಡು ಬರತೊಡಗಿದ.